ಕಿರ್ದಿ ಬರೆಯುವ ಕೈ ಒಂದೇ

2009ರ ಮಳೆಗಾಲದ ಒಂದು ಮಧ್ಯಾಹ್ನ, ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ, ನಾನು ಬರೆದ ಪ್ರೊಗ್ರಾಮಿನ ತಪ್ಪಿನಿಂದಾಗಿ ಒಬ್ಬರ ಕೈಗವಸಿನ ಬೆರಳತುದಿ ಯಂತ್ರಕ್ಕೆ ಸಿಕ್ಕಿಕೊಂಡಿತು. ಕೈಗೆ ಏನೂ ಆಗಲಿಲ್ಲ. ಆ ಕೈಗವಸಿನ ಒಡೆಯರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. 20 ವರ್ಷದಿಂದ ಪುಣೆಯಲ್ಲೇ ದುಡಿಯುತ್ತಿದ್ದ ಹಿರಿಯರು. ಶೆಡ್ಡಿನಲ್ಲಿ ಮರಾಠಿಯವರೂ ಕನ್ನಡದವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಹರಿದ ರಬ್ಬರಿನ ತುದಿಯನ್ನು ಬಿಡಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟು ಅವರು ಹೇಳಿದ್ದು ಇಷ್ಟೇ: "ಸಾಹೇಬ್ರ, ಬಟನ್ ಒತ್ತಿದ್ನಿರಿ. ಅದಕ್ಕ ಕೇಳ್ಸಿತೋ ಇಲ್ಲೋ ಗೊತ್ತಾಗ್ಲಿಲ್ಲ. ಅದಕ್ಕ ಮತ್ತ ಒತ್ತಿದೆ."

ಡೆಸ್ಕ್‌ಟಾಪ್ ಪ್ರೊಗ್ರಾಮಿಂಗ್‌ನಲ್ಲಿ ಥ್ರೆಡ್ಡುಗಳ, ಅಂದರೆ ಒಂದೇ ಪ್ರೊಗ್ರಾಮಿನೊಳಗೆ ಜೊತೆಜೊತೆಗೆ ಸಾಗುವ ಕೆಲಸದ ಎಳೆಗಳ, ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಮಾತು. ಹಿನ್ನೆಲೆಯಲ್ಲಿ ನಡೆಯುವ ಕೆಲಸವನ್ನೂ ಪರದೆಯ ಮೇಲೆ ಕಾಣುವ ಸುದ್ದಿಯನ್ನೂ ಹೇಗೆ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಪುಸ್ತಕಗಳು ವೇಗದ ಪ್ರಶ್ನೆಯೆಂಬಂತೆ ಕಲಿಸುತ್ತವೆ. ನನ್ನ ಮಟ್ಟಿಗೆ ಅದು ಉತ್ತರ ಕೊಡುವ ಪ್ರಶ್ನೆ. ಒಬ್ಬ ಮನುಷ್ಯ ಯಂತ್ರಕ್ಕೆ ಏನನ್ನೋ ಹೇಳಿದ್ದಾನೆ; ಕೇಳಿಸಿತು ಎಂದು ಯಂತ್ರ ಒಡನೆಯೇ ಹೇಳಬೇಕು, ಕೆಲಸ ಮುಗಿಯಲು ಎಷ್ಟೇ ಹೊತ್ತು ಹಿಡಿಯಲಿ.

ಅಂದು ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಆ ನಾಲ್ಕಾರು ಸೆಕೆಂಡುಗಳಲ್ಲಿ ಅಡಗಿದೆ. ಅಲ್ಯೂಮಿನಿಯಂ ಎರಕದ ಭಾಗಗಳಲ್ಲಿ ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸುವ ಬೆಂಚು ಅದು. ಆಪರೇಟರ್ ಭಾಗವನ್ನು ಫಿಕ್ಸ್ಚರಿನಲ್ಲಿ ಕೂರಿಸಿ, ಪರದೆಯ ಮೇಲಿನ ಸ್ಟಾರ್ಟ್ ಬಟನ್ ಒತ್ತಿದರೆ ಗಾಳಿಯ ಒತ್ತಡದಿಂದ ಕ್ಲ್ಯಾಂಪು ಮುಚ್ಚಿಕೊಳ್ಳುತ್ತದೆ, ಒಳಗೆ ಗಾಳಿ ತುಂಬುತ್ತದೆ, ಒತ್ತಡ ಎಷ್ಟು ಇಳಿಯಿತೆಂಬುದನ್ನು ಒಂದು ಮಾಪಕ ಅಳೆದು ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ, ಕೊನೆಗೆ ಕ್ಲ್ಯಾಂಪು ತೆರೆದುಕೊಳ್ಳುತ್ತದೆ. ಸುಮಾರು ನಾಲ್ಕು ಸೆಕೆಂಡಿನ ಕೆಲಸ. ಸಿ ಶಾರ್ಪ್ ಭಾಷೆಯಲ್ಲಿ, ಮೈಕ್ರೋಸಾಫ್ಟಿನ ಡಾಟ್‌ನೆಟ್ ವೇದಿಕೆಯ ವಿಂಡೋಸ್ ಫಾರ್ಮ್ಸ್ ಎಂಬ ಪರದೆ ಕಟ್ಟುವ ಸಲಕರಣೆ ಬಳಸಿ, ಆ ನಾಲ್ಕೂ ಸೆಕೆಂಡುಗಳ ಕೆಲಸವನ್ನು ಬಟನ್ನಿನ ಕ್ಲಿಕ್ ಹ್ಯಾಂಡ್ಲರಿನೊಳಗೇ, ಅಂದರೆ ಬಟನ್ ಒತ್ತಿದಾಗ ಓಡುವ ಕೋಡಿನೊಳಗೇ, ನಾನು ಬರೆದಿದ್ದೆ. ಎರಡು ಸಲ ಒತ್ತಬಾರದೆಂದು ಮೊದಲ ಸಾಲಿನಲ್ಲಿ ಬಟನ್ನನ್ನು ನಿಷ್ಕ್ರಿಯಗೊಳಿಸಿ, ಕೊನೆಯ ಸಾಲಿನಲ್ಲಿ ಮತ್ತೆ ಸಕ್ರಿಯಗೊಳಿಸಿದ್ದೆ. ಇಷ್ಟು ಮಾಡಿದರೆ ಸಾಕೆಂದು ಮನಸಾರೆ ನಂಬಿದ್ದೆ.

ಆದದ್ದು ಬೇರೆ. ಬಟನ್ ನಿಷ್ಕ್ರಿಯವಾದದ್ದು ಮೆಮೊರಿಯೊಳಗೆ ಮಾತ್ರ. ಅದು ಬೂದುಬಣ್ಣಕ್ಕೆ ತಿರುಗಿ ಕಾಣಬೇಕಾದರೆ ಪರದೆಯನ್ನು ಮತ್ತೆ ಬಿಡಿಸಬೇಕು, ಬಿಡಿಸಬೇಕಾದ ಥ್ರೆಡ್ ನನ್ನ ನಾಲ್ಕು ಸೆಕೆಂಡಿನ ಕೆಲಸದಲ್ಲಿ ಮುಳುಗಿತ್ತು. ಕಾಕಾ ಅವರ ಕಣ್ಣಿಗೆ ಬಟನ್ ಮೊದಲಿದ್ದಂತೆಯೇ ಇತ್ತು. ಅವರು ಇನ್ನೆರಡು ಸಲ ಒತ್ತಿದರು. ಆ ಎರಡು ಒತ್ತುಗಳು ಎಲ್ಲಿಗೂ ಕಳೆದುಹೋಗಲಿಲ್ಲ. ವಿಂಡೋಸ್ ಅವನ್ನು ಸಂದೇಶಗಳ ಸರದಿಯಲ್ಲಿ ಜೋಪಾನವಾಗಿ ನಿಲ್ಲಿಸಿಟ್ಟಿತು. ಪರೀಕ್ಷೆ ಮುಗಿಯಿತು, ಕ್ಲ್ಯಾಂಪು ತೆರೆಯಿತು, ನನ್ನ ಕೊನೆಯ ಸಾಲು ಬಟನ್ನನ್ನು ಸಕ್ರಿಯಗೊಳಿಸಿತು, ಹ್ಯಾಂಡ್ಲರ್ ಮುಗಿದು ಸರದಿಯಲ್ಲಿದ್ದ ಮುಂದಿನ ಸಂದೇಶಕ್ಕೆ ದಾರಿ ಸಿಕ್ಕಿತು. ಆ ಸಂದೇಶ ಕಾಕಾ ಅವರ ಎರಡನೆಯ ಒತ್ತು. ಅದು ಬಟನ್ನಿಗೆ ತಲುಪುವ ಹೊತ್ತಿಗೆ ಬಟನ್ ಸಕ್ರಿಯವಾಗಿತ್ತು, ಕ್ಲ್ಯಾಂಪು ಮತ್ತೆ ಮುಚ್ಚಿತು, ಭಾಗವನ್ನು ಹೊರತೆಗೆಯಲೆಂದು ಅವರ ಕೈ ಒಳಗೆ ಹೋಗಿತ್ತು.

ಕೈಯ ಸುರಕ್ಷತೆಯನ್ನು ಪರದೆಯ ಬಟನ್ನಿಗೆ ಒಪ್ಪಿಸಿದ್ದೇ ದೊಡ್ಡ ತಪ್ಪು. ಅದೇ ವಾರ ಬೆಂಚಿಗೆ ಎರಡು ಗುಂಡಿಗಳನ್ನು ಹಾಕಿ, ಎರಡೂ ಕೈಗಳಿಂದ ಏಕಕಾಲಕ್ಕೆ ಒತ್ತದ ಹೊರತು ಕ್ಲ್ಯಾಂಪು ಮುಚ್ಚದಂತೆ ಯಂತ್ರವನ್ನು ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಕದಲ್ಲೇ ಕಟ್ಟುಮಾಡಲಾಯಿತು. ಯಂತ್ರಕ್ಕೆ ಸಂಬಂಧಿಸಿದ ಪ್ರೊಗ್ರಾಂ ಬರೆಯುವ ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ಎಲ್ಲ ಮಾತಿಗಿಂತ ಮೊದಲು ಇದು ಮನಸ್ಸಿನಲ್ಲಿ ನಿಲ್ಲಲಿ. ಆದರೆ ಪರದೆ ಉತ್ತರ ಕೊಡದೆ ನಿಂತ ತಪ್ಪು ಗುಂಡಿಗಳಿಂದ ಸರಿಹೋಗುವಂಥದ್ದಲ್ಲ. ಅದನ್ನು ತಿಳಿದುಕೊಳ್ಳಲು ನನಗೆ ಸಹಾಯ ಮಾಡಿದ್ದು ಅಪ್ಪನ ಕೆಲಸದ ನೆನಪು.

ನಮ್ಮ ಅಪ್ಪ ಬ್ಯಾಡಗಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಣಸಿನಕಾಯಿಯ ಸುಗ್ಗಿಯಲ್ಲಿ ಅಂಗಡಿಯ ಮುಂದೆ ಚೀಲಗಳು ಬಂದು ಬೀಳುತ್ತಿದ್ದವು, ಹಮಾಲರು ಹೊತ್ತು ತರುತ್ತಿದ್ದರು, ತೂಕದವನು ತೂಗುತ್ತಿದ್ದ, ಖರೀದಿದಾರರ ಕಡೆಯವರು ಬಂದು ನೋಡುತ್ತಿದ್ದರು. ಕೆಲಸಕ್ಕೆ ಹತ್ತಾರು ಕೈಗಳು. ಕಿರ್ದಿ ಬರೆಯುವ ಕೈ ಮಾತ್ರ ಒಂದೇ, ಅಪ್ಪನದು. ಅಂಗಡಿಯ ಮಾಲೀಕರೂ ಆ ಪುಸ್ತಕಕ್ಕೆ ಪೆನ್ನು ತಾಗಿಸುತ್ತಿರಲಿಲ್ಲ. ತೂಕವಾದ ಕೂಡಲೇ ರೈತನ ಹೆಸರು, ಚೀಲಗಳ ಸಂಖ್ಯೆ, ತೂಕ ಬರೆದ ಚೀಟಿಯನ್ನು ತಂದು ಅಪ್ಪನ ಎಡಗಡೆಯ ಹಿತ್ತಾಳೆಯ ಬಟ್ಟಿನ ಕೆಳಗೆ ಇಟ್ಟು ಹೋಗಬೇಕು. ಅಪ್ಪ ಕೈಯಲ್ಲಿದ್ದ ಸಾಲನ್ನು ಮುಗಿಸಿ, ಆ ಕಟ್ಟಿನ ಅಡಿಯಿಂದ ಒಂದು ಚೀಟಿ ಎಳೆಯುತ್ತಿದ್ದರು. ಮೇಲಿನಿಂದಲ್ಲ, ಅಡಿಯಿಂದ, ಮೊದಲು ಬಂದವನ ಲೆಕ್ಕ ಮೊದಲು. ಬರೆದಾದ ಮೇಲೆ ಚೀಟಿಯನ್ನು ತಂತಿಗೆ ಚುಚ್ಚುತ್ತಿದ್ದರು.

ವಿಂಡೋಸಿನಲ್ಲಿ ಒಂದು ವಿಂಡೋವನ್ನು ನಿರ್ಮಿಸಿದ ಥ್ರೆಡ್, ಅಂದರೆ ಯುಐ ಥ್ರೆಡ್, ಮಾಡುವುದು ಅಕ್ಷರಶಃ ಇದನ್ನೇ. ಸರದಿಯಿಂದ ಒಂದು ಸಂದೇಶ ತೆಗೆ, ಅದಕ್ಕೆ ಸಂಬಂಧಿಸಿದ ಕೆಲಸ ಮಾಡು, ಮುಂದಿನದನ್ನು ತೆಗೆ. ಮೌಸಿನ ಒತ್ತು, ಕೀಲಿಯ ಒತ್ತು, ಪರದೆ ಬಿಡಿಸುವ ಕರೆ, ಟೈಮರ್, ಎಲ್ಲವೂ ಈ ಒಂದೇ ಕೈಯ ಮೂಲಕ ಹಾಯಬೇಕು. ಗುಮಾಸ್ತರೇ ಎದ್ದು ಚೀಲ ಹೊರಲು ಹೋದರೆ ಏನಾಗುತ್ತದೋ ನನ್ನ ಕ್ಲಿಕ್ ಹ್ಯಾಂಡ್ಲರಿನಲ್ಲಿ ಅದೇ ಆಗಿತ್ತು. ಐದು ಸೆಕೆಂಡುಗಳವರೆಗೆ ಒಂದು ವಿಂಡೋ ತನ್ನ ಸರದಿಯತ್ತ ತಿರುಗಿ ನೋಡದಿದ್ದರೆ ವಿಂಡೋಸ್ ಅದನ್ನು ಉತ್ತರಿಸುತ್ತಿಲ್ಲವೆಂದು ತೀರ್ಮಾನಿಸಿ, ಅದರ ಜಾಗದಲ್ಲಿ ಮಂಕಾದ ನಕಲೊಂದನ್ನು ನಿಲ್ಲಿಸಿ, ತಲೆಬರಹದಲ್ಲಿ ನಾಟ್ ರೆಸ್ಪಾಂಡಿಂಗ್ ಎಂದು ಬರೆಯುತ್ತದೆ. ನನ್ನ ಪರೀಕ್ಷೆಗೆ ನಾಲ್ಕೇ ಸೆಕೆಂಡು ಸಾಕಾಗುತ್ತಿದ್ದುದರಿಂದ ಆ ಎಚ್ಚರಿಕೆಯೂ ಕಾಕಾ ಅವರಿಗೆ ಸಿಗಲಿಲ್ಲ.

ಹಾಗಾದರೆ ಕಿರ್ದಿಯನ್ನು ನಾಲ್ಕು ಜನ ಏಕೆ ಬರೆಯಬಾರದು? ಈ ಪ್ರಶ್ನೆಯನ್ನು ಪ್ರತಿ ಪೀಳಿಗೆಯ ಪ್ರೊಗ್ರಾಮರುಗಳೂ ಕೇಳಿದ್ದಾರೆ, ಕೆಲವರು ಪ್ರಯತ್ನಿಸಿಯೂ ನೋಡಿದ್ದಾರೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜಾವಾ ಭಾಷೆಯ ಹೊಣೆ ಹೊತ್ತಿದ್ದವರಲ್ಲಿ ಒಬ್ಬರಾದ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಇದಕ್ಕೆ ಕೊಟ್ಟ ವಿವರಣೆ ನನಗೆ ಇಂದಿಗೂ ಅತ್ಯಂತ ಸ್ಪಷ್ಟವಾದದ್ದು. ಪರದೆಯ ವ್ಯವಸ್ಥೆ ಹಲವು ಪದರಗಳದ್ದು. ನಮ್ಮ ಪ್ರೊಗ್ರಾಂ ಒಂದು ಲೇಬಲ್ಲನ್ನು ಬದಲಿಸಿದಾಗ ಕರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೌಸ್ ಒತ್ತಿದಾಗ ಸುದ್ದಿ ಆಪರೇಟಿಂಗ್ ಸಿಸ್ಟಮ್ಮಿನಿಂದ ಹೊರಟು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಪ್ರತಿ ಪದರಕ್ಕೂ ಒಂದೊಂದು ಬೀಗ ಹಾಕಿದರೆ, ಇಳಿಯುವವನು ಮೇಲಿನ ಬೀಗ ಹಿಡಿದು ಕೆಳಗಿನದಕ್ಕೆ ಕಾಯುತ್ತಾನೆ, ಏರುವವನು ಕೆಳಗಿನ ಬೀಗ ಹಿಡಿದು ಮೇಲಿನದಕ್ಕೆ ಕಾಯುತ್ತಾನೆ, ಇಬ್ಬರೂ ಅಲ್ಲೇ ನಿಲ್ಲುತ್ತಾರೆ. ಜಾವಾದ ಮೊದಲ ಪರದೆ ವ್ಯವಸ್ಥೆಯಾದ ಎಡಬ್ಲ್ಯೂಟಿಯಲ್ಲಿ ಬಹು ಥ್ರೆಡ್ಡುಗಳಿಗೆ ಅವಕಾಶ ಕೊಡಲು ಹೋಗಿ ಕಲಿತ ಪಾಠದಿಂದಲೇ ಅದರ ನಂತರದ ವ್ಯವಸ್ಥೆಯಾದ ಸ್ವಿಂಗ್ ಒಂದೇ ಥ್ರೆಡ್ಡಿನ ನಿಯಮಕ್ಕೆ ಬಂತು. ವಿಂಡೋಸ್ ಫಾರ್ಮ್ಸ್, ಡಬ್ಲ್ಯೂಪಿಎಫ್, ಕ್ಯೂಟಿ, ಆಂಡ್ರಾಯ್ಡ್, ಈ ಎಲ್ಲ ಪರದೆ ವ್ಯವಸ್ಥೆಗಳಲ್ಲೂ ಇದೇ ಕಟ್ಟಳೆ. ಇದು ತಂತ್ರಜ್ಞಾನದ ಹಿಂದುಳಿದಿರುವಿಕೆಯೆಂದು ಹೊಸಬರು ಹೇಳುವುದನ್ನು ಕೇಳಿದ್ದೇನೆ. ನಾನು ಹಾಗೆ ತಿಳಿಯುವುದಿಲ್ಲ. ಎರಡು ಕೈ ಬರೆದ ಕಿರ್ದಿಯಲ್ಲಿ ತಪ್ಪು ಯಾರದೆಂದು ಹುಡುಕುವುದು ಅಸಾಧ್ಯ. ಒಂದು ಕೈಯ ಕಿರ್ದಿಯಲ್ಲಿ ತಪ್ಪಿದ್ದರೂ ಸಿಗುತ್ತದೆ.

ಘಟನೆಯ ಮರುದಿನದಿಂದ ನಾನು ಇಟ್ಟ ಹೆಜ್ಜೆಗಳಲ್ಲಿ ಮೊದಲ ಮೂರು ತಪ್ಪು ಹೆಜ್ಜೆಗಳು. ಅವನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಅದೇ ತಪ್ಪುಗಳನ್ನು ಇಂದಿಗೂ ಇತರರ ಕೋಡಿನಲ್ಲಿ ಕಾಣುತ್ತೇನೆ.

ಮೊದಲನೆಯದು ಡೂಇವೆಂಟ್ಸ್. ಕೆಲಸದ ನಡುನಡುವೆ ಈ ಒಂದು ಸಾಲನ್ನು ಸೇರಿಸಿದರೆ ಸರದಿಯಲ್ಲಿರುವ ಸಂದೇಶಗಳು ಆಗಿಂದಾಗ ವಿಲೇವಾರಿಯಾಗುತ್ತವೆ, ಪರದೆ ಜೀವಂತವಾಗಿ ಕಾಣುತ್ತದೆ. ಆದರೆ ವಿಲೇವಾರಿಯಾಗುವ ಸಂದೇಶಗಳಲ್ಲಿ ಯಾವುದು ಇರಬಹುದೆಂಬುದು ನಮ್ಮ ಕೈಯಲ್ಲಿಲ್ಲ. ಪರೀಕ್ಷೆಯ ಅರ್ಧದಲ್ಲಿ ಕಾಕಾ ವಿಂಡೋವನ್ನು ಮುಚ್ಚಿದರು. ಮುಚ್ಚುವ ಕೆಲಸ ನನ್ನ ಲೂಪಿನ ಹೊಟ್ಟೆಯೊಳಗೇ ನಡೆದು ಮುಗಿದು, ಹಿಂದಿರುಗಿ ಬಂದ ಲೂಪು ಇಲ್ಲದ ವಿಂಡೋದ ಮೇಲೆ ಬರೆಯಲು ಹೋಯಿತು. ಒಂದು ಸಾಲು ಅರ್ಧ ಬರೆದಿರುವಾಗಲೇ ಗುಮಾಸ್ತರಿಗೆ ಇನ್ನೊಂದು ಚೀಟಿ ಕೊಟ್ಟು ಅದನ್ನೂ ಅದೇ ಸಾಲಿನ ನಡುವೆ ಬರೆಸಿದ ಹಾಗೆ.

ಎರಡನೆಯ ಹೆಜ್ಜೆಯಲ್ಲಿ ಕೆಲಸವನ್ನು ಬೇರೆ ಥ್ರೆಡ್ಡಿಗೆ ವರ್ಗಾಯಿಸಿದೆ. ಡಾಟ್‌ನೆಟ್‌ನ ಸೀರಿಯಲ್‌ಪೋರ್ಟ್ ವರ್ಗದಲ್ಲಿ ದತ್ತಾಂಶ ಬಂದಿತೆಂಬ ಸೂಚನೆ ಹೇಗಿದ್ದರೂ ಯುಐ ಥ್ರೆಡ್ಡಿನಲ್ಲಿ ಬರುವುದಿಲ್ಲ. ಬೇರೊಂದು ಥ್ರೆಡ್ಡಿನಲ್ಲಿ ಬರುತ್ತದೆ. ಅಲ್ಲಿಂದಲೇ ನೇರವಾಗಿ ಲೇಬಲ್ಲಿನ ಮೇಲೆ ಒತ್ತಡದ ಅಂಕಿ ಬರೆದೆ. ಕೋಡು ಬರೆಯುವ ತಂತ್ರಾಂಶವಾದ ವಿಷುಯಲ್ ಸ್ಟುಡಿಯೋದೊಳಗೆ ಓಡಿಸಿದಾಗ ಒಡನೆಯೇ ದೋಷ ಬಂತು: ಈ ಕಂಟ್ರೋಲನ್ನು ಅದನ್ನು ನಿರ್ಮಿಸಿದ ಥ್ರೆಡ್ ಬಿಟ್ಟು ಬೇರೆ ಥ್ರೆಡ್ ಮುಟ್ಟಿದೆ ಎಂದು. ಈ ತಪಾಸಣೆ 2005ರಲ್ಲಿ ಡಾಟ್‌ನೆಟ್ 2.0 ಜೊತೆ ಬಂದದ್ದು. ಪೂರ್ವನಿಯೋಜಿತವಾಗಿ ಅದು ಡೀಬಗರ್ ಎಂಬ ತಪ್ಪು ಹುಡುಕುವ ಸಲಕರಣೆ ಜೋಡಿಸಿರುವಾಗ ಮಾತ್ರ ಎಚ್ಚರವಾಗಿರುತ್ತದೆ. ಅದನ್ನು ನಿಲ್ಲಿಸಿಬಿಡುವ ಒಂದು ಸಾಲೂ ಇದೆ. ಕೆಲಸ ಬೇಗ ಮುಗಿಯಬೇಕಿತ್ತು, ನಾನು ಆ ಸಾಲನ್ನು ಬರೆದೆ. ನನ್ನ ಮೇಜಿನ ಮೇಲೆ ಎಲ್ಲವೂ ಸರಿಯಾಗಿ ನಡೆಯಿತು. ಶೆಡ್ಡಿನಲ್ಲಿ ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಅಂಕಿಗಳ ಪಟ್ಟಿ ಅರ್ಧ ಬಿಳಿಯಾಗಿ ನಿಲ್ಲುತ್ತಿತ್ತು, ಅಥವಾ ಪ್ರೊಗ್ರಾಂ ಸುದ್ದಿಯಿಲ್ಲದೆ ಮುಚ್ಚಿಹೋಗುತ್ತಿತ್ತು. ಮೇಜಿನ ಮೇಲೆ ಒಂದು ಸಲವೂ ಮರುಕಳಿಸದ ತಪ್ಪನ್ನು ಶೆಡ್ಡಿನಲ್ಲಿ ನಿಂತು ಹುಡುಕುವ ಕಷ್ಟ ಯಾರಿಗೂ ಬೇಡ. ಆ ತಪಾಸಣೆಯನ್ನು ನಿಲ್ಲಿಸಿದ ಕೋಡನ್ನು ಈಗ ಯಾರಾದರೂ ನನಗೆ ತೋರಿಸಿದರೆ ಮುಂದೆ ಓದುವ ಮೊದಲು ಆ ಸಾಲನ್ನು ಅಳಿಸಲು ಹೇಳುತ್ತೇನೆ.

ಮೂರನೆಯ ಹೆಜ್ಜೆ ಬಹುತೇಕ ಸರಿಯಾಗಿತ್ತು, ಅದಕ್ಕೇ ಅದರ ತಪ್ಪು ಹೆಚ್ಚು ಕಲಿಸಿತು. ಹಿನ್ನೆಲೆಯ ಥ್ರೆಡ್ ತಾನೇ ಬರೆಯದೆ ಯುಐ ಥ್ರೆಡ್ಡಿಗೆ ಚೀಟಿ ಕಳಿಸಲು ವಿಂಡೋಸ್ ಫಾರ್ಮ್ಸ್‌ನಲ್ಲಿ ಎರಡು ದಾರಿಗಳಿವೆ. ಇನ್‌ವೋಕ್ ಎಂದರೆ ಚೀಟಿ ಕೊಟ್ಟು, ಗುಮಾಸ್ತರು ಬರೆದು ಮುಗಿಸುವವರೆಗೂ ಹಮಾಲ ಅಲ್ಲೇ ನಿಲ್ಲುವುದು. ಬಿಗಿನ್‌ಇನ್‌ವೋಕ್ ಎಂದರೆ ಚೀಟಿಯನ್ನು ಬಟ್ಟಿನ ಕೆಳಗಿಟ್ಟು ಮುಂದಿನ ಚೀಲಕ್ಕೆ ಹೋಗುವುದು. ನಾನು ಇನ್‌ವೋಕ್ ಆರಿಸಿಕೊಂಡೆ. ಬರೆದಾಯಿತೆಂದು ಖಾತ್ರಿಯಾದ ಮೇಲೆ ಮುಂದುವರಿಯುವುದೇ ಶಿಸ್ತೆಂದು ತೋರಿತ್ತು. ತಿಂಗಳ ಮೇಲೆ ಎಲ್ಲವೂ ಸರಿಯಾಗಿ ನಡೆದು, ಒಂದು ಸಂಜೆ ಪಾಳಿ ಮುಗಿಸಿ ಪ್ರೊಗ್ರಾಂ ಮುಚ್ಚುವಾಗ ಅದು ಮುಚ್ಚದೆ ಕಲ್ಲಿನಂತೆ ನಿಂತಿತು. ಮರುದಿನ ಇಲ್ಲ. ಮೂರು ದಿನ ಬಿಟ್ಟು ಮತ್ತೆ.

ಕಾರಣ ಹೀಗಿತ್ತು. ವಿಂಡೋ ಮುಚ್ಚುವಾಗ ನನ್ನ ಕೋಡು ಯುಐ ಥ್ರೆಡ್ಡಿನಲ್ಲೇ ಸೀರಿಯಲ್ ಪೋರ್ಟನ್ನು ಮುಚ್ಚುತ್ತಿತ್ತು. ಆ ಕ್ಷಣದಲ್ಲಿ ದತ್ತಾಂಶದ ಸೂಚನೆಯ ಹ್ಯಾಂಡ್ಲರ್ ನಡೆಯುತ್ತಿದ್ದರೆ, ಪೋರ್ಟು ಅದು ಮುಗಿಯಲೆಂದು ಕಾಯುತ್ತದೆ. ಆ ಹ್ಯಾಂಡ್ಲರ್ ಇನ್‌ವೋಕ್ ಕರೆದು, ಯುಐ ಥ್ರೆಡ್ ಬರೆಯಲೆಂದು ಕಾಯುತ್ತಿದೆ. ಕೊನೆಯ ಚೀಲದ ತೂಕ ಬಾರದೆ ಅಂಗಡಿಯ ಬಾಗಿಲು ಹಾಕುವುದಿಲ್ಲವೆಂದು ಗುಮಾಸ್ತರು ಪೆನ್ನು ಕೆಳಗಿಟ್ಟು ಕೂತಿದ್ದಾರೆ. ಕೈಯಲ್ಲಿರುವ ಚೀಟಿಯನ್ನು ಬರೆದುಕೊಳ್ಳದ ಹೊರತು ಕೊನೆಯ ಚೀಲ ತೂಗುವುದಿಲ್ಲವೆಂದು ಹಮಾಲ ಮುಂದೆ ನಿಂತಿದ್ದಾನೆ. ರಾತ್ರಿಯಿಡೀ ನಿಲ್ಲಬಲ್ಲರು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಅಂಕಿ ಬರುವುದಕ್ಕೂ ಮುಚ್ಚುವುದಕ್ಕೂ ಆ ಕೆಲವೇ ಮಿಲಿಸೆಕೆಂಡುಗಳ ಗಂಟು ಬಿದ್ದ ದಿನ ಮಾತ್ರ ಹೀಗಾಗುತ್ತಿದ್ದುದರಿಂದ ಕಾರಣ ಹಿಡಿಯಲು ನನಗೆ ಎರಡು ವಾರ ಬೇಕಾಯಿತು. ಇನ್‌ವೋಕ್ ಇದ್ದಲ್ಲಿ ಬಿಗಿನ್‌ಇನ್‌ವೋಕ್ ಬರೆದೆ, ಗಂಟು ಬಿಚ್ಚಿತು. ಆದರೆ ಅದರೊಂದಿಗೆ ಬೇರೆಯದೇ ಎಚ್ಚರವೂ ಬೇಕಾಯಿತು: ಇಟ್ಟುಹೋದ ಚೀಟಿಯನ್ನು ತೆಗೆದು ನೋಡುವ ಹೊತ್ತಿಗೆ ಅಂಗಡಿ ಮುಚ್ಚಿರಬಹುದು. ಹಾಗಾಗಿ ಬರೆಯುವ ಮೊದಲು ವಿಂಡೋ ಇನ್ನೂ ಇದೆಯೇ ಎಂದು ನೋಡಬೇಕು. ಚೀಟಿ ಬೇಕೇ ಎಂದು ಹೇಳುವ ಇನ್‌ವೋಕ್‌ರಿಕ್ವೈರ್ಡ್ ಎಂಬ ಪರೀಕ್ಷೆಯನ್ನೂ ಕುರುಡಾಗಿ ನಂಬುವಂತಿಲ್ಲ. ವಿಂಡೋದ ಹ್ಯಾಂಡಲ್, ಅಂದರೆ ವಿಂಡೋಸ್ ಅದಕ್ಕೆ ಕೊಡುವ ಗುರುತು, ಇನ್ನೂ ಹುಟ್ಟಿರದಿದ್ದರೆ, ಬೇರೆ ಥ್ರೆಡ್ಡಿನಿಂದ ಕೇಳಿದಾಗಲೂ ಅದು ಚೀಟಿಯ ಅಗತ್ಯವಿಲ್ಲ ಎಂದೇ ಉತ್ತರಿಸಬಹುದು.

ಇಷ್ಟಾದ ಮೇಲೂ ಒಂದು ತೊಂದರೆ ಉಳಿಯಿತು, ಅದನ್ನು ನಾನು ಯಾವ ಪುಸ್ತಕದಲ್ಲೂ ಮೊದಲೇ ಓದಿರಲಿಲ್ಲ. ಮಾಪಕ ಸೆಕೆಂಡಿಗೆ 50 ಅಂಕಿಗಳನ್ನು ಕಳಿಸುತ್ತಿತ್ತು. ಪ್ರತಿ ಅಂಕಿಗೂ ಒಂದು ಚೀಟಿ; ಪ್ರತಿ ಚೀಟಿಗೂ ಒತ್ತಡದ ರೇಖಾಚಿತ್ರವನ್ನು ಮತ್ತೆ ಬಿಡಿಸುವ ಕೆಲಸ, ಅದಕ್ಕೆ ಆ ಹಳೆಯ ಕಂಪ್ಯೂಟರಿನಲ್ಲಿ ಸುಮಾರು 30 ಮಿಲಿಸೆಕೆಂಡು. 50 ಸಲ 30 ಎಂದರೆ 1500. ಒಂದು ಸೆಕೆಂಡಿನಲ್ಲಿ ಬಂದ ಚೀಟಿಗಳನ್ನು ಬರೆಯಲು ಒಂದೂವರೆ ಸೆಕೆಂಡು. ಚೀಟಿಗಳ ಕಟ್ಟು ಬೆಳೆಯುತ್ತಲೇ ಹೋಗುತ್ತದೆ, ಪರದೆ ತೋರಿಸುವ ಒತ್ತಡ ಹಳೆಯದಾಗುತ್ತಾ ಹೋಗುತ್ತದೆ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ವಿಂಡೋಸಿನ ಸರದಿಯಲ್ಲಿ ಎಲ್ಲರಿಗೂ ಸಮಾನ ಸ್ಥಾನವಿಲ್ಲ. ಪ್ರೊಗ್ರಾಮುಗಳು ತಾವಾಗಿ ಹಾಕಿದ ಸಂದೇಶಗಳಿಗೆ ಮೌಸು ಕೀಲಿಗಳ ಸಂದೇಶಗಳಿಗಿಂತ ಮೊದಲ ಸರದಿ. ಪರದೆ ಬಿಡಿಸುವ ಕರೆ ಮತ್ತು ಟೈಮರುಗಳದು ಅವೂ ಮುಗಿದ ಮೇಲೆ. ನನ್ನ ಚೀಟಿಗಳ ಪ್ರವಾಹದ ಹಿಂದೆ ಸ್ಟಾಪ್ ಬಟನ್ನಿನ ಒತ್ತು ಸಿಕ್ಕಿಹಾಕಿಕೊಂಡಿತ್ತು. ಕೆಲಸವನ್ನೆಲ್ಲ ಬೇರೆ ಥ್ರೆಡ್ಡಿಗೆ ಕಳಿಸಿದ್ದೆ, ನಿಯಮದಂತೆ ಸರದಿಯ ಮೂಲಕವೇ ಸುದ್ದಿ ತಲುಪಿಸಿದ್ದೆ, ಆದರೂ ಕಾಕಾ ಅವರಿಗೆ ಉತ್ತರ ಸಿಗುತ್ತಿರಲಿಲ್ಲ.

ಪರಿಹಾರ ಸರಳವಾಗಿತ್ತು. ಹಿನ್ನೆಲೆಯ ಥ್ರೆಡ್ ಪ್ರತಿ ಅಂಕಿಯನ್ನೂ ತಾನೇ ಫೈಲಿಗೆ ಬರೆದುಕೊಳ್ಳುತ್ತದೆ, ಒಂದೂ ಬಿಡುವುದಿಲ್ಲ. ತೀರ ಇತ್ತೀಚಿನ ಅಂಕಿಯನ್ನು ಮಾತ್ರ ಬೀಗದ ಕಾವಲಿನ ಒಂದು ಜಾಗದಲ್ಲಿ ಇಡುತ್ತದೆ, ಹಳೆಯದರ ಮೇಲೆಯೇ. ಯುಐ ಥ್ರೆಡ್ಡಿನ ಒಂದು ಟೈಮರ್ ಸೆಕೆಂಡಿಗೆ 10 ಸಲ ಅಲ್ಲಿ ಹೋಗಿ ನೋಡಿ, ಇದ್ದುದನ್ನು ಪರದೆಗೆ ಹಾಕುತ್ತದೆ. ಓಡುತ್ತಿರುವ ಅಂಕಿಯನ್ನು ಅದಕ್ಕಿಂತ ವೇಗವಾಗಿ ಬದಲಿಸಿದರೆ ಓದುವ ಕಣ್ಣಿಗೆ ಅದು ಬರಿಯ ನಡುಕವಾಗಿ ಕಾಣುತ್ತದೆ. ದಾಖಲೆಗೆ ಬೇಕಾದದ್ದು ಬೇರೆ, ನೋಡುವವರಿಗೆ ಬೇಕಾದದ್ದು ಬೇರೆ. ಇವೆರಡನ್ನೂ ಒಂದೇ ಚೀಟಿಯಲ್ಲಿ ಕಟ್ಟಿದ್ದು ನನ್ನ ತಪ್ಪಾಗಿತ್ತು.

2012ರಲ್ಲಿ ಸಿ ಶಾರ್ಪ್ 5 ಮತ್ತು ಡಾಟ್‌ನೆಟ್ 4.5 ಬಂದವು, ಅವುಗಳೊಂದಿಗೆ ಅಸಿಂಕ್ ಮತ್ತು ಅವೇಟ್ ಎಂಬ ಎರಡು ಪದಗಳು ಭಾಷೆಗೆ ಬಂದವು. ಅಲ್ಲಿಯವರೆಗೆ ಬ್ಯಾಕ್‌ಗ್ರೌಂಡ್‌ವರ್ಕರ್ ಎಂಬ ಹಿನ್ನೆಲೆ ಕೆಲಸದ ಸಲಕರಣೆ ಬಳಸಿ ನಾಲ್ಕು ತುಂಡುಗಳಾಗಿ ಹರಿದು ಬರೆಯುತ್ತಿದ್ದ ಪರೀಕ್ಷೆಯ ಕಥೆಯನ್ನು ಮೇಲಿನಿಂದ ಕೆಳಗೆ ಒಂದೇ ಓಟದಲ್ಲಿ ಬರೆಯುವುದು ಸಾಧ್ಯವಾಯಿತು: ಬಟನ್ ನಿಷ್ಕ್ರಿಯ ಮಾಡು, ಕ್ಲ್ಯಾಂಪು ಮುಚ್ಚಲು ಕಾಯಿ, ಅಂಕಿಗಾಗಿ ಕಾಯಿ, ಫಲಿತಾಂಶ ಬರೆ, ಬಟನ್ ಸಕ್ರಿಯ ಮಾಡು. ನನ್ನ ಮೊದಲ ಕೋಡಿನಂತೆಯೇ ಕಾಣುವ ಈ ಕೋಡಿನಲ್ಲಿ ಪ್ರತಿ ಅವೇಟ್ ಬಳಿಯೂ ಗುಮಾಸ್ತರು ಆ ಸಾಲನ್ನು ಗುರುತು ಮಾಡಿಟ್ಟು ಮುಂದಿನ ಚೀಟಿಗೆ ಹೋಗುತ್ತಾರೆ, ಹಮಾಲ ಬಂದಾಗ ಆ ಗುರುತಿಗೆ ಮರಳುತ್ತಾರೆ. ಅದನ್ನು ಮೊದಲ ಸಲ ಓಡಿಸಿ, ನಾಲ್ಕು ಸೆಕೆಂಡುಗಳ ಪರೀಕ್ಷೆ ನಡೆಯುತ್ತಿರುವಾಗಲೇ ವಿಂಡೋವನ್ನು ಹಿಡಿದು ಪರದೆಯ ಉದ್ದಗಲಕ್ಕೆ ಎಳೆದಾಡಿದ್ದು, ಬಟನ್ ನಿಜವಾಗಿಯೂ ಬೂದುಬಣ್ಣಕ್ಕೆ ತಿರುಗಿದ್ದನ್ನು ನೋಡಿದ್ದು ನನಗೆ ನೆನಪಿದೆ. ಮೂರು ವರ್ಷ ಹಿಂದೆ ಕಾಣಬೇಕಾಗಿದ್ದ ಬೂದುಬಣ್ಣ ಅದು.

ಆದರೆ ಅವೇಟ್ ಒಳಗಿರುವುದು ಅದೇ ಹಳೆಯ ಚೀಟಿ ಎಂಬುದನ್ನು ಮರೆತವರು ಅದೇ ಹಳೆಯ ಗಂಟಿಗೆ ಬೀಳುತ್ತಾರೆ. ಅವೇಟ್ ನಂತರದ ಭಾಗ ಯುಐ ಥ್ರೆಡ್ಡಿಗೆ ಮರಳುವುದು ಸಿಂಕ್ರೊನೈಸೇಶನ್ ಕಾಂಟೆಕ್ಸ್ಟ್ ಎಂಬ ವ್ಯವಸ್ಥೆಯ ಮೂಲಕ. ವಿಂಡೋಸ್ ಫಾರ್ಮ್ಸ್‌ನಲ್ಲಿ ಅದು ಕೊನೆಗೆ ಕರೆಯುವುದು ಬಿಗಿನ್‌ಇನ್‌ವೋಕನ್ನೇ. ಯುಐ ಥ್ರೆಡ್ಡಿನಲ್ಲಿ ಕೂತು ಟಾಸ್ಕಿನ, ಅಂದರೆ ಹಿನ್ನೆಲೆಗೆ ಒಪ್ಪಿಸಿದ ಕೆಲಸದ, ರಿಸಲ್ಟ್ ಕೇಳಿ ಅಲ್ಲೇ ಕಾಯ್ದರೆ, ಟಾಸ್ಕು ಮುಗಿಯಲು ಯುಐ ಥ್ರೆಡ್ ಬೇಕು, ಯುಐ ಥ್ರೆಡ್ ಟಾಸ್ಕಿಗಾಗಿ ಕಾಯುತ್ತಿದೆ. ಬಾಗಿಲು ಹಾಕದ ಆ ಸಂಜೆಯೇ ಮತ್ತೆ. ಕಳೆದ ವರ್ಷ ನಮ್ಮಲ್ಲಿಗೆ ಬಂದ ಹೊಸ ಹುಡುಗನೊಬ್ಬ ಎರಡು ದಿನ ಈ ಗಂಟಿನಲ್ಲಿ ಕೂತಿದ್ದ. ಅವನಿಗೆ ನಾನು ಕೋಡು ತೋರಿಸದೆ ಅಪ್ಪನ ಅಂಗಡಿಯ ಕಥೆ ಹೇಳಿದೆ. ಅರ್ಧ ಕಥೆಯಲ್ಲೇ ಅವನು ಎದ್ದುಹೋಗಿ ಆ ಸಾಲನ್ನು ತಿದ್ದಿದ.

ನಿಲ್ಲಿಸುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಡೆಯುತ್ತಿರುವ ಥ್ರೆಡ್ಡನ್ನು ಹೊರಗಿನಿಂದ ಕೊಲ್ಲಬಾರದು. ಕ್ಲ್ಯಾಂಪು ಮುಚ್ಚಿದ ಸ್ಥಿತಿಯಲ್ಲೇ ಅದು ಸತ್ತರೆ ತೆರೆಯುವವರು ಯಾರು? 2010ರಲ್ಲಿ ಡಾಟ್‌ನೆಟ್ 4ರೊಂದಿಗೆ ಬಂದ ಕ್ಯಾನ್ಸಲೇಶನ್ ಟೋಕನ್ ಮಾಡುವುದು ವಿನಂತಿಯನ್ನು ಮಾತ್ರ. ಕೆಲಸ ಮಾಡುವವನು ತನಗೆ ಸುರಕ್ಷಿತವಾದ ಜಾಗದಲ್ಲಿ ಆ ವಿನಂತಿಯನ್ನು ನೋಡಿ, ಕ್ಲ್ಯಾಂಪು ತೆರೆದು, ಗಾಳಿ ಬಿಟ್ಟು, ನಂತರ ತಾನೇ ನಿಲ್ಲುತ್ತಾನೆ.

ಇನ್ನು ಎಷ್ಟು ಬೇಗ ಉತ್ತರಿಸಬೇಕು ಎಂಬ ವಿಷಯ. ಬಳಕೆಯ ಸುಲಭತೆಯ ತಜ್ಞರಾದ ಜೇಕಬ್ ನೀಲ್ಸನ್ 1993ರಲ್ಲಿ ವಿವರಿಸಿದ ಮೂರು ಗಡಿಗಳು ಇಂದಿಗೂ ನನ್ನ ಮೇಜಿನ ಗೋಡೆಯ ಮೇಲಿವೆ. ಅವುಗಳ ಬೇರು 1968ರ ರಾಬರ್ಟ್ ಮಿಲ್ಲರ್ ಅವರ ಪ್ರಬಂಧದವರೆಗೆ ಹೋಗುತ್ತದೆ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಾನು ಮಾಡಿದ್ದೇ ಆಯಿತೆಂದು ಮನುಷ್ಯನಿಗೆ ಅನ್ನಿಸುತ್ತದೆ; 1 ಸೆಕೆಂಡಿನವರೆಗೆ ತಡವಾದದ್ದು ತಿಳಿದರೂ ಯೋಚನೆಯ ಎಳೆ ಕಡಿಯುವುದಿಲ್ಲ; 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ನಮ್ಮ ಬೆಂಚುಗಳಲ್ಲಿ ಈಗ ಸ್ಟಾರ್ಟ್ ಆದೊಡನೆ, ಕ್ಲ್ಯಾಂಪಿಗೆ ಆಜ್ಞೆ ಹೋಗುವುದಕ್ಕೂ ಮೊದಲು, ಪರದೆಯ ಮೇಲಿನ ದೊಡ್ಡ ಪಟ್ಟಿ ಹಳದಿಯಾಗುತ್ತದೆ. ಆ ಹಳದಿಗೆ ಕೇಳಿಸಿತು ಎಂಬುದಷ್ಟೇ ಅರ್ಥ. ಅದನ್ನು ಸೇರಿಸಿದ ದಿನ ಕಾಕಾ ನಾಲ್ಕು ಭಾಗಗಳನ್ನು ಪರೀಕ್ಷಿಸಿ, "ಹಾಂ, ಈಗ ಮಾತಾಡ್ತೈತ್ರಿ" ಎಂದು ತಮ್ಮ ಕೆಲಸಕ್ಕೆ ಮರಳಿದ್ದರು. ಅವರು ನಿವೃತ್ತರಾಗಿ ಇಂಡಿಗೆ ಹೋಗಿ ಈಗ ಕೆಲವು ವರ್ಷಗಳಾದವು.

ಕಳೆದ ತಿಂಗಳು ಅದೇ ಶೆಡ್ಡಿನಿಂದ ಫೋನ್ ಬಂತು. ಆ ಬೆಂಚಿನ ಮೇಲೆ ಈಗ ಜತ್ತದ ಕಡೆಯ ಹುಡುಗಿಯೊಬ್ಬಳು ಕೆಲಸ ಮಾಡುತ್ತಾಳೆ. "ಸರ, ರಿಪೋರ್ಟ್ ಎರಡೆರಡು ಬರಾಕತ್ತಾವ ನೋಡ್ರಿ" ಎಂದಳು. ಎಷ್ಟು ಸಲ ಒತ್ತಿದೆ ಎಂದು ಕೇಳಿದೆ. "ಒಮ್ಮೆ ಒತ್ತಿದೆ, ಏನೂ ಆಗ್ಲಿಲ್ಲ, ಅದಕ್ಕ ಇನ್ನೊಮ್ಮೆ ಒತ್ತಿದೆ" ಎಂದಳು. ಕೋಡು ತೆರೆದು ನೋಡಿದೆ. ಪಾಳಿಯ ಕೊನೆಯಲ್ಲಿ ಎಕ್ಸೆಲ್ ತೆರೆದು ವರದಿ ತುಂಬುವ ಭಾಗವನ್ನು, ಆ ಹೊತ್ತಿನಲ್ಲಿ ಪರೀಕ್ಷೆ ನಡೆಯುವುದಿಲ್ಲವಲ್ಲ ಎಂದು, ನಾನು ಎಂದೂ ಮುಟ್ಟಿರಲಿಲ್ಲ. ಮೂರು ಸೆಕೆಂಡಿನ ಕೆಲಸ, ಕ್ಲಿಕ್ ಹ್ಯಾಂಡ್ಲರಿನ ಒಳಗೆ. ಮೊದಲ ಸಾಲಿನಲ್ಲಿ ಬಟನ್ ನಿಷ್ಕ್ರಿಯ, ಕೊನೆಯ ಸಾಲಿನಲ್ಲಿ ಸಕ್ರಿಯ.

ಎಕ್ಸೆಲ್‌ನೊಂದಿಗೆ ವ್ಯವಹರಿಸಲು ಎಸ್‌ಟಿಎ (ಬಂದ ಕರೆಗಳನ್ನು ಒಂದೊಂದಾಗಿ ತಾನೇ ನಡೆಸುವ) ಬಗೆಯ ಥ್ರೆಡ್ ಹೊಂದುತ್ತದೆ, ಟಾಸ್ಕ್‌ಗಳಿಗೆ ಸಿಗುವ ಪೂಲಿನ, ಅಂದರೆ ಸಿದ್ಧವಿರುವ ಗುಂಪಿನ, ಥ್ರೆಡ್ಡುಗಳು ಆ ಬಗೆಯವಲ್ಲ; ಹಾಗಾಗಿ ಅದಕ್ಕೆಂದೇ ಒಂದು ಥ್ರೆಡ್ ನಿರ್ಮಿಸಿ, ಮುಗಿದಾಗ ಚೀಟಿ ಕಳಿಸುವಂತೆ ಬರೆದಿದ್ದೇನೆ. ವರದಿಯ ಬಟನ್ನಿಗೂ ಹಳದಿ ಪಟ್ಟಿ ಇಟ್ಟಿದ್ದೇನೆ. ಭೋಸರಿಗೆ ಗುರುವಾರ ವಾರದ ರಜೆ, ಬೆಂಚು ಖಾಲಿ ಇರುತ್ತದೆ. ನಾಡಿದ್ದು ಹೋಗಿ ಹಾಕಿ ಬರುತ್ತೇನೆ. ಶುಕ್ರವಾರ ಬೆಳಗಿನ ಪಾಳಿಯ ಕೊನೆಗೆ ಆ ಹುಡುಗಿ ಬಟನ್ ಒತ್ತುವಾಗ ಪಕ್ಕದಲ್ಲಿ ನಿಂತು ನೋಡಬೇಕಾಗಿದೆ.